ಚುಕ್ಕಿಗೆರೆ

ಸಾವಿರದ ಒಂಬೈನೂರ ಎಪ್ಪತ್ತೈದರಲ್ಲಿ ಹಸೀನಾ ಮಾನವಶಾಸ್ತ್ರದ ಎಂ.ಎ. ಕೊನೆಯ ವರ್ಷದಲ್ಲಿದ್ದಳು. ಜೊತೆಯವರಲ್ಲಿ ಕೆಲವರು ತಲೆಬುರುಡೆ ಅಳೆಯುವ ಶಾಖೆ ಹಿಡಿದರು, ಕೆಲವರು ಹಳೆಯ ಮಡಕೆಚೂರು ಅಗೆಯುವುದನ್ನು. ಟಿಕೋಟಾದ ಈ ಹುಡುಗಿಗೆ ಬದುಕಿರುವವರ ಮಾತು ಬೇಕಿತ್ತು. ಸಾಮಾಜಿಕ ಮಾನವಶಾಸ್ತ್ರ ಆರಿಸಿಕೊಂಡು, ಮನೆತನಗಳ ವಂಶವೃಕ್ಷ ಬರೆಯಲು ತಾಯಿ ಚಾಂದಬಿಯ ತವರೂರು ಕಳ್ಳಕವಟಗಿಗೆ ಹೋದಳು.

ಅಲ್ಲಿ ಮುರಿಗೆವ್ವ ಚಾಂದಬಿಗೆ ಹಿರಿಯಕ್ಕನಂತಿದ್ದವಳು. ಜೋಳ ಹಸನು ಮಾಡುತ್ತಲೇ ಐದು ತಲೆಮಾರಿನ ಹೆಸರು ಹೇಳಿದಳು. ಮೂರನೆಯ ದಿನ ಮೊರ ಪಕ್ಕಕ್ಕಿಟ್ಟು ದನಿ ತಗ್ಗಿಸಿದಳು.

"ಬಬಲೇಶ್ವರದಾಗ ನಮ್ಮಕ್ಕನ ಮಗಳು ಪರಸವ್ವ ಅದಾಳಲ್ಲ, ಆಕಿ ನಾ ಹಡದಾಕಿ. ಅಕ್ಕಗ ಮಕ್ಕಳಿರಲಿಲ್ಲ. ಹನ್ನೊಂದು ದಿನದ ಕೂಸನ್ನ ಆಕಿ ಉಡಿಯಾಗ ಹಾಕಿದ್ನಿ. ಪರಸವ್ವಗ ಗೊತ್ತಿಲ್ಲ. ಇದನ್ನ ಬರೀಬ್ಯಾಡವಾ."

"ಇಲ್ಲ ಆಯಿ, ಬರಿಯಂಗಿಲ್ಲ," ಎಂದಳು ಹಸೀನಾ.

ಆದರೆ ಬರೆದಳು. ನಕ್ಷೆಯಲ್ಲಿ ಮುರಿಗೆವ್ವನಿಂದ ಪರಸವ್ವನವರೆಗೆ ಚುಕ್ಕಿಗೆರೆ ಎಳೆದು, ಅಂಚಿನಲ್ಲಿ "ಹೆತ್ತ ತಾಯಿ. ಗುಟ್ಟು, ಪ್ರಕಟಿಸಬಾರದು" ಎಂದು ಸೇರಿಸಿದಳು. ಮಾರ್ಗದರ್ಶಕ ಬಸಲಿಂಗಯ್ಯನವರು ಮೆಚ್ಚುತ್ತಾರೆಂಬ ಆಸೆ. ಮೆಚ್ಚಿದರು ಕೂಡ.

ನಾಲ್ಕು ತಿಂಗಳಿಗೆ ಅವರು ಆ ನಕ್ಷೆಯನ್ನು ತಮ್ಮ ಪುಸ್ತಿಕೆಯಲ್ಲಿ ಹೆಸರುಗಳ ಸಮೇತ ಅಚ್ಚು ಹಾಕಿಸಿದರು. ಸುತ್ತಲಿನ ಊರುಗಳಿಗೆಲ್ಲ ಪ್ರತಿ ಕಳಿಸಿದರು. ಬಬಲೇಶ್ವರದ ಚಹಾದಂಗಡಿಯಲ್ಲಿ ಯಾರೋ ಅದನ್ನು ಗಟ್ಟಿಯಾಗಿ ಓದಿದರು.

ಚಾಂದಬಿಯ ಪತ್ರ ಕಂಡು ಹಸೀನಾ ಓಡಿ ಬಂದಾಗ ಕಳ್ಳಕವಟಗಿಯಲ್ಲಿ ಮುರಿಗೆವ್ವನ ಅಂಗಳದಲ್ಲಿ ಪರಸವ್ವ ನಿಂತಿದ್ದಳು. ನಲವತ್ತರ ಹತ್ತಿರದ ಹೆಂಗಸು, ಮುಖವೆಲ್ಲ ಕೆಂಪಾಗಿತ್ತು.

"ನಾಕು ಮಕ್ಕಳೊಳಗ ನಾನೊಬ್ಬಾಕಿನ ಹೆಚ್ಚಾಗಿದ್ನೇನು ನಿನಗ? ಚಿಗವ್ವ ಚಿಗವ್ವ ಅಂತ ಕಾಲಿಗಿ ಬೀಳತಿದ್ನೆಲ್ಲ, ಆವಾಗರೆ ಬಾಯಿ ಬಿಡಬಾರದಿತ್ತೇನು?"

ಎದುರಿಗೆ ಮುರಿಗೆವ್ವ ತಲೆ ತಗ್ಗಿಸಿ ಕೂತಿದ್ದಳು. ಹಸೀನಾಳನ್ನು ಕಂಡದ್ದೇ ಎದ್ದು ಬಂದಳು.

"ನಿಮ್ಮವ್ವನ ಮಾರಿ ನೋಡಿ ಹೇಳಿದ್ನಿ. ಇಳಿ ನನ್ನ ಕಟ್ಟಿ!"

ಅದೇ ವಾರ ಬಸಲಿಂಗಯ್ಯನವರ ಭಾಷಣ ವಿಜಾಪುರದಲ್ಲಿ, ಗೋಳಗುಮ್ಮಟದ ಹತ್ತಿರದ ಒಂದು ಸಭಾಭವನದಲ್ಲಿತ್ತು. ಜನ ಕೂತಿದ್ದರು. ಹಸೀನಾ ನೇರ ವೇದಿಕೆಗೆ ನಡೆದಳು.

"ಅಚ್ಚು ಹಾಕಬ್ಯಾಡ್ರಿ ಅಂತ ಬರದಿದ್ನೆಲ್ರಿ, ಸರ್!"

"ಶಾಸ್ತ್ರಕ್ಕೆ ಗುಟ್ಟು ಅನ್ನೋದಿಲ್ಲಮ್ಮ," ಎಂದರು ಅವರು ಕನ್ನಡಕ ಒರೆಸುತ್ತ. "ಅಷ್ಟು ಗುಟ್ಟಾಗಿದ್ದರೆ ನೀ ಯಾಕ ಬರದಿ?"

ಹಸೀನಾಳಿಗೆ ಸಿಟ್ಟು ನೆತ್ತಿಗೇರಿತು, ಅವರ ಮೇಲಿನದಕ್ಕಿಂತ ಹೆಚ್ಚಾಗಿ ತನ್ನ ಮೇಲಿನದು. ಹಂಚಲು ತಂದಿದ್ದ ಪುಸ್ತಿಕೆಗಳ ಕಟ್ಟು ಬಿಚ್ಚಿ, ಸಭೆಯೆದುರೇ ಒಂದೊಂದರಿಂದಲೂ ನಕ್ಷೆಯ ಪುಟ ಹರಿಯತೊಡಗಿದಳು.

"ಡಿಗ್ರಿ ಹೋಗತೈತಿ ನೋಡು!" ಎಂದು ಬಸಲಿಂಗಯ್ಯನವರು ಕೂಗಿದರು. ಅವಳು ಕೈ ನಿಲ್ಲಿಸಲಿಲ್ಲ.

ಪದವಿ ಹೋಗಲಿಲ್ಲ, ಒಂದು ವರ್ಷ ಹೋಯಿತು. ಬೇರೆ ಮಾರ್ಗದರ್ಶಕರ ಕೈಕೆಳಗೆ ಪಾಸಾದಳು. ಆಮೇಲೆ ಬರೆದ ಯಾವ ನಕ್ಷೆಯಲ್ಲೂ ಯಾರ ಹೆಸರೂ ಇರಲಿಲ್ಲ.

ಎಪ್ಪತ್ತೆಂಟರಲ್ಲಿ ಮುರಿಗೆವ್ವ ಹಾಸಿಗೆ ಹಿಡಿದಿದ್ದಾಳೆಂದು ಕೇಳಿ ಹೋದಳು. ಪರಸವ್ವ ಪಕ್ಕದಲ್ಲಿ ಕೂತು ಗಂಜಿ ಕುಡಿಸುತ್ತಿದ್ದಳು. ಮುದುಕಿ ಹಸೀನಾಳನ್ನು ನೋಡಿ ಗೋಡೆಯ ಕಡೆ ಮಗ್ಗುಲಾದಳು.

"ಹೋಗ್ರಿ ಅಕ್ಕೋರ," ಎಂದಳು ಪರಸವ್ವ. "ಇಲ್ಲಿ ಬರಕೊಳ್ಳಾಕ ಏನೂ ಉಳದಿಲ್ಲ."

ಹಸೀನಾ ತಂದಿದ್ದ ಬಾಳೆಹಣ್ಣು ಹೊಸ್ತಿಲ ಬಳಿ ಇಟ್ಟಳು. ಪರಸವ್ವ ಎದ್ದು ಬಂದು ಅವನ್ನೆತ್ತಿ ವಾಪಸು ಅವಳ ಕೈಗಿತ್ತಳು.