ಸಾರಿಗೆ ಸರಿಯಾದ ಪ್ರಾಸ

ನಾನು ಒಂದು ಲಾರಿಯ ಹಿಂದಿನ ಡೋರು. ನಗಬೇಡಿ. ಮುಂದಿನ ಗಾಜಿಗೆ ಹೂವಿನ ಹಾರ, ಬಂಪರಿಗೆ ನಿಂಬೆಹಣ್ಣು, ನನಗೆ ಮಾತ್ರ ದಾರಿಯ ಧೂಳು. ಆದರೂ ಒಂದು ಮಾತು ಹೇಳುತ್ತೇನೆ, ಸೀಟಿ ಹೊಡೆಯುವವರು ಹೊಡೆಯಬಹುದು: ಲಾರಿಯ ಮುಖ ನೋಡಿದವರು ಪಕ್ಕಕ್ಕೆ ಸರಿಯುತ್ತಾರೆ, ನನ್ನನ್ನು ನೋಡಿದವರು ನಿಂತು ಓದುತ್ತಾರೆ!

ಹುಟ್ಟಿದ್ದು ಚಳ್ಳಕೆರೆಯಲ್ಲಿ, ಲಾರಿಗೆ ಬಾಡಿ ಕಟ್ಟುವ ಒಂದು ಶೆಡ್ಡಿನಲ್ಲಿ. ಮೂರು ಜಾಲಿ ಹಲಗೆ ಜೋಡಿಸಿ, ಕಬ್ಬಿಣದ ಪಟ್ಟಿ ಬಿಗಿದು, ಎರಡೂ ಕಡೆ ಸರಪಳಿ ಹಾಕಿದರು. ಸುತ್ತಿಗೆಯ ಒಂದೊಂದು ಏಟಿಗೂ ನಾನು ಕಿರುಚಿದೆ. ಬಡಗಿ ಬೀಡಿ ಹಚ್ಚಿಕೊಂಡ. ನನ್ನ ಎಂಟ್ರಿಗೆ ಇದ್ದ ಹಿನ್ನೆಲೆ ಸಂಗೀತ ಅಷ್ಟೇ.

ನನ್ನ ಮಾಲೀಕ ಬೋರಯ್ಯ, ಈರುಳ್ಳಿ ಲೋಡು ಹೊಡೆಯುವವನು. ಊರಲ್ಲಿ ಅವನ ಹೆಸರು ಡೈಲಾಗ್ ಬೋರ. ಟೀ ಕುಡಿಯುವುದಕ್ಕೂ ಅವನಿಗೆ ಡೈಲಾಗು ಬೇಕು. "ಈ ಬೋರ ಒಂದ್ಸಲ ಲೋಟ ಎತ್ತಿದ್ರೆ ತಳ ಕಾಣೋವರ್ಗೂ ಕೆಳಗಿಡಲ್ಲ!" ಎಂದು ಕಣ್ಣು ಕೆಂಪಗೆ ಮಾಡಿಕೊಂಡು ಹೇಳುತ್ತಿದ್ದ. ಜನ ನಗುತ್ತಿದ್ದರು. ಅವರು ನಕ್ಕಿದ್ದೇ ಅವನನ್ನು ಹಾಳು ಮಾಡಿತು.

ಅವನು ನನಗೆ ಬಣ್ಣ ಹೊಡೆಸಲು ಪೇಂಟರ್ ಜಬೀವುಲ್ಲಾನ ಹತ್ತಿರ ಕರೆತಂದ ದಿನ ನನಗೆ ಕಥೆಯೆಲ್ಲ ತಿಳಿಯಿತು. ಬೋರಯ್ಯನಿಗೆ ಒಬ್ಬಳೇ ತಂಗಿ, ಪಾಲಮ್ಮ. ಅವಳ ನಿಶ್ಚಿತಾರ್ಥದ ಹಿಂದಿನ ದಿನ ಇವನು ಮದುವೆ ಗಂಡಿಗೆ ಫೋನ್ ಮಾಡಿ, ವಿಲನ್ ದನಿಯಲ್ಲಿ, "ಆ ಹುಡುಗಿ ನನ್ನೋಳು. ಊರ ಗಡಿ ದಾಟಿ ಬಂದ್ರೆ, ವಾಪಸ್ ಹೋಗೋಕೆ ಕಾಲಿರಲ್ಲ" ಅಂದಿದ್ದ. ಆಮೇಲೆ ಗಹಗಹಿಸಿ, "ನಾನು ಕಣ್ ಬಾವಾ, ಬೋರಯ್ಯ!" ಅನ್ನುವುದು ಅವನ ಪ್ಲಾನು. ಅಷ್ಟು ಹೊತ್ತು ಆ ಗಂಡು ಫೋನ್ ಹಿಡಿದಿರಬೇಕಲ್ಲ! ಮಾರನೆಯ ದಿನ ಚಪ್ಪರದಡಿಗೆ ಯಾರೂ ಬರಲಿಲ್ಲ. ಇವನು ನಿಜ ಹೇಳಿದ, ಅವರು ನಂಬಲಿಲ್ಲ. ಬೇರೆ ಸಂಬಂಧದವರಿಗೂ ಸುದ್ದಿ ಮುಟ್ಟಿ, ಅವರೂ ಬರಲಿಲ್ಲ. ಪಾಲಮ್ಮ ಅಣ್ಣನೊಡನೆ ಮಾತು ಬಿಟ್ಟಳು. ರಸ್ತೆ ಪಕ್ಕ, ಗಾಡಿಗಳು ನಿಧಾನವಾಗುವ ಹಂಪಿನ ಹತ್ತಿರ, ಮಂಡಕ್ಕಿ ಮೆಣಸಿನಕಾಯಿ ಅಂಗಡಿ ಇಟ್ಟಳು.

"ನಿನ್ ಗಾಡಿ ದಿನಾ ಅದೇ ಹಂಪ್ ಹತ್ತಿ ಹೋಗ್ತದೆ. ಇಳ್ದು ಒಂದ್ ಮಾತು ಸಾರಿ ಅನ್ನು ಬೋರಣ್ಣ," ಅಂದ ಜಬೀವುಲ್ಲಾ.

"ಇಳ್ದು ಅಂದ್ರೆ ಸಪ್ಪೆ ಕಣಲೇ. ಡೋರ್ ಮ್ಯಾಲೆ ಬರಿ. ಊರೆಲ್ಲ ಓದ್ಲಿ. ಆದ್ರೆ ಪ್ರಾಸ ಇರ್ಬೇಕು."

"ಸಾರಿಗಾ? ದಾರಿ ಐತೆ, ಜಾರಿ ಐತೆ. ಪರಾರಿ ಹಾಕ್ಲಾ? ನಿಂಗೆ ಚೆನ್ನಾಗಿ ಒಪ್ತದೆ."

"ಮುಚ್ಚಲೇ!"

"ಹಂಗಾರೆ ಸರಿ. ಸಾರಿ, ಸರಿ. ಹತ್ರ ಹತ್ರ ಬತ್ತದೆ."

"ಹತ್ರ ಬಂದ್ರೆ ಸಾಲ್ದು, ಕರೆಕ್ಟಾಗಿ ಕೂರ್ಬೇಕು. ದೀರ್ಘ ಎಲ್ಲೋಯ್ತಲೇ ಅದ್ರಲ್ಲಿ?"

ಕೊನೆಗೆ ನನ್ನ ಎದೆಯ ಮೇಲೆ ಹಳದಿ ಬಣ್ಣದಲ್ಲಿ ಬಂತು: "ತಂಗೀ ಸಾರಿ, ಇದು ನಿಮ್ಮಣ್ಣನ ಲಾರಿ." ಪ್ರಾಸ ಬೀಗದಂತೆ ಕೂತಿತು. ಬೋರಯ್ಯ ತನ್ನ ಭುಜ ತಾನೇ ತಟ್ಟಿಕೊಂಡ.

ಈಗ ನನ್ನ ಕಷ್ಟ ಕೇಳಿ. ಹಂಪಿನಲ್ಲಿ ಗಾಡಿ ನಿಧಾನವಾಗುತ್ತಿತ್ತು, ಬೋರಯ್ಯ ಹಾರನ್ ಬಾರಿಸುತ್ತಿದ್ದ, ಆಮೇಲೆ ಗಾಡಿ ಮುಂದಕ್ಕೆ. ಅವನ ಕಣ್ಣೂ ಮುಂದಕ್ಕೆ. ಪಾಲಮ್ಮನ ಮುಖ ಕಾಣುತ್ತಿದ್ದದ್ದು ನನಗೊಬ್ಬನಿಗೆ. ಅವಳು ತಲೆ ಎತ್ತುತ್ತಿದ್ದದ್ದೂ ಲಾರಿ ದಾಟಿದ ಮೇಲೆಯೇ. "ಸಾರಿ ಕೇಳೋನು ಬೆನ್ನು ತೋರಿಸ್ಕೊಂಡು ಹೋಗ್ತಾನೇನ್ರಪ್ಪ?" ಎಂದು ಅವಳು ಗಿರಾಕಿಗಳನ್ನು ಕೇಳಿದ್ದು ನನ್ನ ಕಿವಿಗೆ ಬಿದ್ದಿದೆ. ನಾನೇನು ಮಾಡಲಿ? ಬೆನ್ನಿಗೆ ಹುಟ್ಟಿದವನು.

ಆದರೂ ಎರಡು ಮಳೆಗಾಲ ಕಳೆದ ಮೇಲೆ ಒಂದು ದಿನ ನನ್ನ ಅಕ್ಷರ ನೋಡುತ್ತಾ ಅವಳ ತುಟಿಯ ತುದಿ ಒಂಚೂರು ಅಲುಗಿತು. ಎಣ್ಣೆಯಿಂದ ಮೆಣಸಿನಕಾಯಿ ಎತ್ತುವ ಜಾರಾ ಹಿಡಿದ ಕೈ ಮೇಲೆದ್ದಿತು, ನಿಲ್ಲಿಸು ಅನ್ನುವ ಹಾಗೆ. ಬೋರಯ್ಯನ ಕನ್ನಡಿಯಲ್ಲಿ ಬರೀ ಧೂಳಿತ್ತು. ಸರಪಳಿ ಕುಲುಕಿ ಕುಲುಕಿ ಕೂಗಿದೆ. ಅವನು ಗೇರು ಬದಲಿಸಿದ.

ಅಷ್ಟರಲ್ಲಿ ಬಣ್ಣ ಮಾಸಿತ್ತು. ಆ ವಾರವೇ ಗದಗಿನಲ್ಲಿ ಲೋಡಿಗೆ ನಿಂತಾಗ ಬೋರಯ್ಯ ಅಲ್ಲಿನ ಪೇಂಟರನನ್ನು ಹಿಡಿದು ಹೊಸ ಸಾಲು ಕೇಳಿದ.

"ತಂಗಿ ಮುಖ ತೋರ್ಸವಲ್ಲಳೇನ್ರಿ? ಹಂಗಾದ್ರ ಮಾರಿ ಅಂತ ಬರಿಯೂಣ. ಮುಖ ಅಂದ್ರ ಸಾರಿಗೆ ಕೂಡಂಗಿಲ್ಲ ನೋಡ್ರಿ," ಅಂದ ಅವನು.

ಆ ಕಡೆ ಮಾರಿ ಎಂದರೆ ಮುಖ. ವರ್ಷಗಟ್ಟಲೆ ಆ ರೂಟಿನಲ್ಲಿ ಓಡಾಡಿ ಬೋರಯ್ಯನ ಕಿವಿಗೂ ಅದು ಮುಖವೇ ಆಗಿಹೋಗಿತ್ತು. "ಸಾರಿ ತಂಗಿ ಸಾರಿ, ತೋರ್ಸೇ ನಿನ್ನ ಮಾರಿ" ಎಂದು ಕೆಂಪಕ್ಷರದಲ್ಲಿ ಹೊತ್ತುಕೊಂಡು ನಾನು ಚಳ್ಳಕೆರೆಗೆ ಬಂದೆ. ನಮ್ಮ ಕಡೆ ಮಾರಿ ಎಂದರೆ ಕೋಣ ಕೇಳುವ ದೇವತೆ. ಹೆಂಗಸಿಗೆ ಹಾಗಂದರೆ ಬೈಗುಳ.

ಹಂಪು ಹತ್ತಿದೆವು. ಅಂಗಡಿಯ ಮುಂದೆ ಗಿರಾಕಿಗಳಿದ್ದರು. ಒಬ್ಬ ಓದಿ ಕಿಸಕ್ಕನೆ ನಕ್ಕ. "ಪಾಲಕ್ಕಾ, ನಿಮ್ಮಣ್ಣ ನಿನ್ನ ಮಾರಿ ಅಂತ ಬರಸ್ಕಂಡು ಬಂದವ್ನೆ!"

ಅವಳು ತಲೆ ಎತ್ತಿದಳು. ಓದಿದಳು. ಕಡಲೆಹಿಟ್ಟು ಮೆತ್ತಿದ ಕೈಯಲ್ಲೇ ಕಲ್ಲೊಂದನ್ನು ಎತ್ತಿ ಬೀಸಿದಳು. ಅದು ನನ್ನ "ಮಾ" ಅಕ್ಷರಕ್ಕೇ ಬಡಿದು ಚಕ್ಕೆ ಹಾರಿತು. ಬೋರಯ್ಯ ಹಂಪಿನ ಸದ್ದು ಅಂದುಕೊಂಡ.

ಸಂಜೆ ಸುದ್ದಿ ತಿಳಿದು ಓಡಿ ಬಂದ. ಅವಳು ಅಂಗಡಿಯ ಟಾರ್ಪಲ್ ಇಳಿಬಿಟ್ಟಿದ್ದಳು. "ಪಾಲಿ, ಮಾರಿ ಅಂದ್ರೆ ಮುಖ ಕಣಮ್ಮಾ! ಗದಗಿನ ಕಡೆ ಹಂಗೇ ಅಂತಾರೆ!" ಎಂದು ಟಾರ್ಪಲಿಗೆ ಹೇಳಿದ. ನಿಂತಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಡೈಲಾಗ್ ಬೋರ ಮತ್ತೊಮ್ಮೆ ನಿಜ ಹೇಳಿದ್ದ. ಅದೂ ಕಾಮಿಡಿ ಸೀನಾಯಿತು.

ಆಮೇಲೆ ಅವನು ರೂಟು ಬದಲಿಸಿದ. ಲಾರಿಗೆ ವಯಸ್ಸಾಯಿತು, ಮಾರಿದ. ಇಂಜಿನ್ ಒಬ್ಬನಿಗೆ ಹೋಯಿತು, ಟೈರು ಇನ್ನೊಬ್ಬನಿಗೆ, ನಾನು ಗುಜರಿಗೆ. ನನ್ನ ಮೇಲೆ ಕೋಳಿಗಳು ಕೂತವು. ಕೋಳಿಗಳಿಗೆ ಪ್ರಾಸದ ಹುಚ್ಚಿಲ್ಲ, ಅಷ್ಟೇ ಸಮಾಧಾನ.

ಒಬ್ಬ ಬಡಗಿ ಬೆಂಚು ಮಾಡಲೆಂದು ನನ್ನನ್ನು ಹೊತ್ತೊಯ್ದ. ಇಳಿಸಿದ್ದು ಹಂಪಿನ ಹತ್ತಿರ. ಪಾಲಮ್ಮನ ಕೂದಲು ಬೆಳ್ಳಗಾಗಿತ್ತು. ನನ್ನ ಮೈಮೇಲಿನ ಚಕ್ಕೆ ಹಾರಿದ ಗುಳಿಯ ಮೇಲೆ ಬೆರಳಾಡಿಸಿದಳು.

"ಬಣ್ಣ ಕೆರ್ದು ಹಾಕ್ಲೇನಕ್ಕ?" ಅಂದ ಬಡಗಿ.

"ಬ್ಯಾಡ. ಬರ್ದಿರೋ ಕಡೆ ಕೆಳಿಕ್ಕೆ ಮಾಡು. ಮಣ್ಣು ಓದ್ಕಳ್ಳಿ."

ಹಾಗೆ ನಾನು ಬೋರಲು ಬಿದ್ದ ಬೆಂಚಾದೆ. ನನ್ನ ಸಾರಿಯನ್ನು ಈಗ ಇರುವೆಗಳು ಓದುತ್ತವೆ.

ಮೊನ್ನೆ ಒಬ್ಬ ಮುದುಕ ಬಸ್ಸಿಳಿದು ಬಂದು ನನ್ನ ಮೇಲೆ ಕೂತ. ಭಾರದಲ್ಲೇ ಗುರುತು ಹಿಡಿದೆ. ಬೋರಯ್ಯ! ತನ್ನದೇ ಅಕ್ಷರಗಳ ಮೇಲೆ ಕೂತಿದ್ದೇನೆ ಎಂದು ಅವನಿಗೆ ತಿಳಿಯದು. ಬಾಯಲ್ಲಿ ಏನನ್ನೋ ಮೆಲ್ಲಗೆ ಪ್ರಾಕ್ಟೀಸ್ ಮಾಡುತ್ತಿದ್ದ. ಡೈಲಾಗಲ್ಲ, ಒಂದೇ ಪದ. ಹೇಳು ಮಾರಾಯ, ಮುಖ ಎದುರಿಗೇ ಇದೆ, ಹೇಳಿಬಿಡು, ಅಂದುಕೊಂಡೆ.

ಪಾಲಮ್ಮ ತಟ್ಟೆ ಒರೆಸುತ್ತಾ ಬಂದಳು. ಅವನನ್ನು ನೋಡಿದಳು, ಚೆನ್ನಾಗಿ ನೋಡಿದಳು. ಆಮೇಲೆ ಯಾರೋ ದಾರಿಹೋಕನನ್ನು ಕೇಳುವಂತೆ ಕೇಳಿದಳು.

"ಮಂಡಕ್ಕಿಗೆ ಖಾರ ಹಾಕ್ಲೇನ್ರಿ?"

ರೀ! ಬೋರಯ್ಯ ಬಾಯಿ ತೆರೆದ.

"ಸರಿ," ಅಂದ.

ಒಂದು ದೀರ್ಘ ಕಡಿಮೆ ಬಿತ್ತು.