ಸೊನ್ನೆಯಿಂದ ಶುರುವಾಗದ ಬಿಸಿ

ಆ ಪ್ರಶ್ನೆಯನ್ನು ಬರೆದವಳು ನಾನೇ. ಪುಸ್ತಕದ ಟ್ಯಾಕ್ಸಿ ಲೆಕ್ಕ, ಪಿಜ್ಜಾ ಲೆಕ್ಕ ಮಾಡಿ ಬೇಸತ್ತ ಏಳನೆಯ ತರಗತಿಯ ಮಕ್ಕಳಿಗೆ ನಮ್ಮೂರಿನದೇ ಏನಾದರೂ ಇರಲಿ ಅಂತ. ಅಮೆರಿಕದ ಸುಪೀರಿಯರ್ ಸರೋವರದ ಈ ದಂಡೆಯಲ್ಲಿ ಹಿತ್ತಿಲಿಗೊಂದು ಸೌನಾ, ಮರದ ಹಬೆಕೋಣೆ. ಶನಿವಾರ ಒಲೆ ಹಚ್ಚಿ ಕಲ್ಲು ಕಾಯಿಸಿ, ಹಬೆಯಲ್ಲಿ ಬೆವರದ ಮನೆಯಿಲ್ಲ.

'ಒಲೆ ಹಚ್ಚಿ ಹತ್ತು ನಿಮಿಷಕ್ಕೆ ಸೌನಾದ ಬಿಸಿ ಎಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್. ಬಿಸಿ ಒಂದೇ ಸಮನೆ ಏರಿದರೆ ನಲವತ್ತು ನಿಮಿಷಕ್ಕೆ ಎಷ್ಟು?'

ನಾಲ್ಕರಷ್ಟು ಹೊತ್ತು, ನಾಲ್ಕರಷ್ಟು ಬಿಸಿ, ಇನ್ನೂರ ಎಂಬತ್ತು. ಎಲ್ಲರೂ ಹಾಗೇ ಬರೆದರು, ಎಲ್ಸಿ ಕೊಸ್ಕೆಲಾ ಒಬ್ಬಳನ್ನು ಬಿಟ್ಟು. 'ಹಚ್ಚುವ ಮೊದಲು ಎಷ್ಟಿತ್ತೆಂದು ಕೊಟ್ಟಿಲ್ಲ. ಹೇಳಲಾಗದು' ಎಂದು ಬರೆದಿದ್ದಳು.

ಶುಕ್ರವಾರ ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. "ಏನಮ್ಮ ಎಲ್ಸಿ, ನಿಮ್ಮನೇಲಿ ಒಲೆ ಹಚ್ಚೋಕೆ ಮುಂಚೆ ಅರ್ಜಿ ಹಾಕ್ಬೇಕಾ?"

"ಅವರ ಮನೆ ಸೌದೆ ಒದ್ದೆ ಇರ್ಬೇಕು ಮಿಸ್!" ಎಂದ ಹಿಂದಿನ ಬೆಂಚಿನವನೊಬ್ಬ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಎಂಟನೆಯ ತರಗತಿಯಲ್ಲಿ ಬೀಜಗಣಿತಕ್ಕೆ ಸೇರಬೇಕಾದರೆ ಈ ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಹದಿನೆಂಟು ಬೇಕು. ಈ ಲೆಕ್ಕದ ಅಂಕ ಹೋಗಿ ಎಲ್ಸಿಗೆ ಹದಿನೇಳು. ಅವಳ ಹೆಸರಿಲ್ಲದ ಪಟ್ಟಿಯನ್ನು ಅಂದೇ ಕಚೇರಿಗೆ ಕೊಟ್ಟೆ.

ಮರುದಿನ ಸಂಜೆ ನಮ್ಮ ಸೌನಾದಲ್ಲಿ ಒಲೆ ಹಚ್ಚಿದಾಗ ಗೋಡೆಯ ಥರ್ಮಾಮೀಟರ್ ನಲವತ್ತು ತೋರಿಸುತ್ತಿತ್ತು. ಹತ್ತು ನಿಮಿಷಕ್ಕೆ ಎಪ್ಪತ್ತು. ನನ್ನ ಪ್ರಶ್ನೆಯದೇ ಅಂಕಿ ಎಂದು ಖುಷಿಯಾಯಿತು. ನಲವತ್ತು ನಿಮಿಷಕ್ಕೆ ಗಂಡನ ಜೊತೆ ಒಳಗೆ ಕೂತು ನೋಡಿದರೆ ನೂರ ಅರವತ್ತು.

"ಆರ್ವಿಡ್, ಇದು ಇನ್ನೂರ ಎಂಬತ್ತು ಆಗ್ಬೇಕಿತ್ತಲ್ವಾ?"

"ಇನ್ನೂರ ಎಂಬತ್ತಾ? ಅಷ್ಟೊತ್ತಿಗೆ ನಾನು ಹುರಿದ ಮೀನಾಗಿರ್ತಿದ್ದೆ ಕಣೇ!"

ಅವರು ನಗುತ್ತಲೇ ಇದ್ದರು. ನಾನು ಸೌನಾದ ರೂಢಿಯಂತೆ ಮೈಮೇಲೆ ಬಟ್ಟೆಯಿಲ್ಲದೆ ಕೂತಿದ್ದೆ. ಇಪ್ಪತ್ತೆರಡು ವರ್ಷದಿಂದ ಪಾಠ ಹೇಳುವವಳು. ಗೆರೆ ನೇರವಾಗಿದ್ದ ಮಾತ್ರಕ್ಕೆ ಸೊನ್ನೆಯಿಂದಲೇ ಹೊರಡಬೇಕೆಂದಿಲ್ಲ, ಸೊನ್ನೆಯಿಂದ ಹೊರಟರೆ ಮಾತ್ರ ಅದು ಅನುಪಾತ ಎಂದು ಬೋರ್ಡಿನ ಮೇಲೆ ಅದೆಷ್ಟು ಸಲ ಬರೆದಿಲ್ಲ! ಒಲೆ ಹಚ್ಚುವ ಮೊದಲೂ ಕೋಣೆಗೆ ತನ್ನದೊಂದು ಬಿಸಿ ಇರುತ್ತದೆ. ಪ್ರತಿ ಶನಿವಾರ ಕಣ್ಣೆದುರೇ ಇದ್ದದ್ದು ಅದು. ಮುಖ ತಗ್ಗಿಸಿ ಕೂತೆ.

ಸೋಮವಾರ ಬೆಳಿಗ್ಗೆ ಮುಖ್ಯೋಪಾಧ್ಯಾಯ ಡೂಬೇ ಅವರ ಬಳಿ ಹೋಗಿ ನನ್ನ ತಪ್ಪು ಹೇಳಿಕೊಂಡೆ.

"ಅಂಕ ಕೂಡೋದ್ರಲ್ಲಿ ತಪ್ಪಾಯ್ತು ಅಂತ ಒಂದು ಸಾಲು ಬರ್ದುಕೊಡಿ, ಹೆಸರು ಸೇರಿಸ್ತೀನಿ. ಊರಿಗೆಲ್ಲಾ ಯಾಕೆ ಸಾರೋದು?" ಎಂದರು.

ಬರೆದುಕೊಟ್ಟೆ. ಹಗುರಾಯಿತು ಎಂದುಕೊಂಡೇ ತರಗತಿಗೆ ಬಂದೆ.

ಮೇಜಿನ ಮೇಲೆ ಮಕ್ಕಳ ತಿದ್ದುಪಡಿ ಹಾಳೆಗಳಿದ್ದವು. ತಪ್ಪಿದ ಲೆಕ್ಕವನ್ನು ಮತ್ತೆ ಮಾಡಿ, ಯಾಕೆ ತಪ್ಪಿತೆಂದು ಬರೆದು, ಮನೆಯಲ್ಲಿ ಸಹಿ ಹಾಕಿಸಿ ತರುವುದು ನಾನೇ ಮಾಡಿದ ನಿಯಮ. ಎಲ್ಸಿ ಬರೆದಿದ್ದಳು: 'ಉತ್ತರ ಇನ್ನೂರ ಎಂಬತ್ತು. ಬೇಡದ್ದನ್ನೆಲ್ಲಾ ಯೋಚಿಸಿದ್ದು ನನ್ನ ತಪ್ಪು.' ಕೆಳಗೆ ಅವಳ ಅಮ್ಮನ ಸಹಿ.

ಕೂಡುವ ತಪ್ಪಂತೆ! ಆ ಹಾಳೆ ಹಿಡಿದು ಎಲ್ಲರೆದುರು ನಿಂತೆ.

"ಮಕ್ಕಳೇ, ಆ ಲೆಕ್ಕ ತಪ್ಪು ಮಾಡಿದ್ದು ನಾನು. ಎಲ್ಸಿ ಬರೆದದ್ದೇ ಸರಿ. ಸರಿಯಾಗಿ ಬರೆದವಳನ್ನ ನಗೆಪಾಟಲು ಮಾಡಿದೆ."

ಎಲ್ಸಿ ಕೇಳಿದಳು: "ನಿಮಗೆ ಯಾವಾಗ ಗೊತ್ತಾಯ್ತು ಮಿಸ್?"

"ಶನಿವಾರ."

"ನನಗೆ ಶುಕ್ರವಾರಾನೇ ಗೊತ್ತಿತ್ತು. ನೀವು ನಕ್ಕ ಮೇಲೆ ಗೊತ್ತಿಲ್ಲ ಅನ್ನಿಸ್ತು."

ಹಾಳೆಯನ್ನು ಅವಳ ಮುಂದಿಟ್ಟೆ.

"ಅಮ್ಮ ಸಹಿ ಹಾಕುವಾಗ, ಇಷ್ಟು ಸುಲಭದ್ದೂ ಬರಲ್ವಾ ಅಂದ್ರು. ಅವರಿಗೂ ನೀವೇ ಹೇಳ್ತೀರಾ?"

"ಹೇಳ್ತೀನಿ ಕಣಮ್ಮ."

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಡೂಬೇ ಅವರಿಂದ ನನ್ನ ಚೀಟಿ ವಾಪಸು ಪಡೆದು, ನಡೆದದ್ದನ್ನೇ ಬರೆದುಕೊಟ್ಟೆ. ಆಮೇಲೆ ಕಚೇರಿಯ ಫೋನಿನಿಂದ ಎಲ್ಸಿಯ ಅಮ್ಮನಿಗೆ ಕರೆ ಮಾಡಿದೆ.

"ಮತ್ತೇನು ಮಾಡಿದಾಳೆ ನಮ್ಮ ಹುಡುಗಿ?" ಎಂದಿತು ಆ ಕಡೆಯ ದನಿ.