ಮಾಳಿಗೆಯ ಮೇಲಿನ ಎರೆಮಣ್ಣು

ಎಪ್ಪತ್ತೆಂಟನೆಯ ಇಸವಿ. ರೋಹಿಣಿ ಮಳೆ ಹತ್ತಲು ಇನ್ನೂ ನಾಲ್ಕು ದಿನವಿತ್ತು. ಇಳಿಹೊತ್ತಿನಲ್ಲಿ ಬಾದಾಮಿಯ ಕಲ್ಲುಕುಟಿಗ ಗುರಪ್ಪ ಹುನಗುಂದದ ಹತ್ತಿರದ ಹಳ್ಳಿಗೆ, ಅತ್ತೆಯಾಗಲಿದ್ದ ಸಾವಂತ್ರವ್ವನ ಮನೆಗೆ ಬಂದರೆ, ಕದಕ್ಕೆ ಕೀಲಿ. ಅವಳೂ ಮಗಳು ಬನಶಂಕರಿಯೂ ಲಗ್ನದ ಸೀರೆಗೆಂದು ಇಳಕಲ್ಲಿಗೆ ಹೋಗಿದ್ದರು.

ಸುಮ್ಮನೆ ಕೂಡುವ ಕೈ ಅವನದಲ್ಲ. ನಿಚ್ಚಣಿಕೆ ಹತ್ತಿ ನೋಡಿದ. ಮಾಳಿಗೆಗೆ ಬಿಳಿಚು ಸವಳು ಮಣ್ಣನ್ನು ತೆಳ್ಳಗೆ ಹರವಿದ್ದರು. ಗಂಡಸಿಲ್ಲದ ಮನೆ, ಪಾಪ, ಇಷ್ಟೇ ಆಗಿದೆ ಎಂದುಕೊಂಡ. ಅವನ ಮನೆಯ ಮೇಲೆ ಹಾಸುಗಲ್ಲು. ಮಣ್ಣಿನ ಮಾಳಿಗೆಯ ಸಂಗತಿ ಅವನಿಗೇನು ಗೊತ್ತು? ಹಿತ್ತಲ ಹೊಲದ ಕರ್ರಗಿನ ಎರೆಮಣ್ಣು ಇಪ್ಪತ್ತು ಬುಟ್ಟಿ ಹೊತ್ತು ಹಾಕಿ, ತಟ್ಟಿ, ಯಾರಿಗೂ ಹೇಳದೆ ಬಸ್ಸು ಹಿಡಿದ. ಮುಂದೊಮ್ಮೆ ಗೊತ್ತಾದಾಗ ಅತ್ತೆ ಹಿಗ್ಗಲಿ ಎಂದು.

ಸವಳು ನೀರು ಜಾರಿಸುತ್ತದೆ, ಎರೆ ನೀರು ಕುಡಿಯುತ್ತದೆ. ಮೂರು ದಿನ ಮಳೆ ಹಿಡಿಯಿತು. ಎರೆ ಎಮ್ಮೆಯಂತೆ ಕುಡಿದು ಭಾರವಾಗಿ, ತೊಲೆ ಮುರಿದು, ಅಡುಗೆಮನೆಯ ಮಾಳಿಗೆ ಕುಸಿಯಿತು. ಪಡಸಾಲೆಯಲ್ಲಿದ್ದ ಅವ್ವ-ಮಗಳು ಬದುಕಿದರು. ಒಲೆಗೂಡಿನಲ್ಲಿ ಮಲಗಿದ್ದ ಬೆಕ್ಕೂ ಬದುಕಿತು.

ಉಳಿಯದೆ ಹೋದದ್ದು ಲಗ್ನದ ಮಾತು. ನಿಶ್ಚಯವಾದ ತಿಂಗಳಲ್ಲೇ ಒಲೆಯ ಮೇಲೆ ಮಾಳಿಗೆ ಬಿದ್ದರೆ ಆ ಬೀಗತನ ಕೂಡಿಬರದು ಎಂದು ಊರ ಅಯ್ಯನವರಾದ ರಾಚಯ್ಯ ಹೇಳಿಬಿಟ್ಟರು. ಸಾವಂತ್ರವ್ವ ಅಳುತ್ತಲೇ ಬಾದಾಮಿಗೆ ಲಗ್ನ ಬೇಡವೆಂದು ಹೇಳಿಕಳಿಸಿದಳು.

ಸುದ್ದಿ ಕೇಳಿದ ಗುರಪ್ಪ ಕಡಿಯುತ್ತಿದ್ದ ಕಲ್ಲಿನ ಮೇಲೇ ಕೂತುಬಿಟ್ಟ. ಮರುದಿನ ಬಂದವನೇ ಮಣ್ಣೆತ್ತುವವರ ಜೊತೆ ಕೈ ಹಾಕಿದ. ಸವಳಿನ ಮಾಳಿಗೆಯಲ್ಲಿ ಎರೆ ಎಲ್ಲಿಂದ ಬಂತು, ಇದರ ಭಾರಕ್ಕೇ ಬಿದ್ದಿದೆ ಎಂದು ಯಾರೋ ಗೊಣಗಿದರು. ಗುರಪ್ಪ ತನ್ನ ಅಂಗೈ ನೋಡಿಕೊಂಡ. ಹೇಳಿದರೆ, ಮನೆ ಕೆಡವಿದವನಿಗೆ ಯಾರು ಹೆಣ್ಣು ಕೊಟ್ಟಾರು? ಹೇಳದಿದ್ದರೆ, ಆ ಹುಡುಗಿ ಜನ್ಮಪೂರ್ತಿ ಅಪಶಕುನದ ಹೆಸರು ಹೊರಬೇಕು.

"ಅತ್ತಿ, ಇದು ಶಕುನ ಅಲ್ರಿ," ಎಂದ. "ಎರಿಮಣ್ಣ ಹಾಕಿದಾಂವ ನಾನ. ಇಪ್ಪತ್ತ ಬುಟ್ಟಿ."

ಸಾವಂತ್ರವ್ವ ಅವನ ಕೈ ನೋಡಿದಳು, ಮುಖ ನೋಡಿದಳು.

"ಎರಿ ಹಾಕಿದೇನೋ ನನ್ನಪ್ಪಾ? ಮಾಳಿಗಿ ಮ್ಯಾಲ ಜ್ವಾಳ ಬಿತ್ತಾಂವಿದ್ದೇನು?"

ಕದದ ಹಿಂದೆ ಬನಶಂಕರಿ ಕಿಸಕ್ಕೆಂದಳು. ಅದನ್ನು ಕೇಳಿ ಅವ್ವನಿಗೂ ತಡೆಯಲಾಗಲಿಲ್ಲ. ಸೆರಗು ಬಾಯಿಗೊತ್ತಿ ನಕ್ಕು ನಕ್ಕು ಆ ಮಣ್ಣಗುಡ್ಡೆಯ ಮೇಲೇ ಕುಸಿದು ಕೂತಳು. ಇನ್ನು ಏನು ಶಾಂತಿ ಮಾಡಿಸಬೇಕು ಎಂದು ನಗುತ್ತಲೇ ಅಲ್ಲೇ ನಿಂತಿದ್ದ ರಾಚಯ್ಯನವರನ್ನು ಕೇಳಿದಳು.

"ಅಳಿಯಾನ ಶ್ಯಾಣೇತನಕ್ಕ ಯಾವ ಶಾಂತಿನೂ ಇಲ್ಲವ್ವಾ," ಎಂದರು ಅವರು. "ಸವಳ ಹೊರಸು, ಸಾಕು."

ಗುರಪ್ಪ ಹೊಸ ತೊಲೆ ಕೂಡಿಸಿ, ಹಳ್ಳದ ದಂಡೆಯಿಂದ ನಲವತ್ತು ಬುಟ್ಟಿ ಸವಳು ಹೊತ್ತ. ಬನಶಂಕರಿ ಕೆಳಗೆ ನಿಂತು ಎಣಿಸಿದಳು. ಬೇಕೆಂದೇ ಎಣಿಕೆ ತಪ್ಪಿ ಇನ್ನೂ ಐದು ಹೊರಿಸಿದಳೆಂದು ಅವನು ಮುದುಕನಾದ ಮೇಲೂ ದೂರುತ್ತಿದ್ದ.

ಶ್ರಾವಣದ ಎರಡನೆಯ ಸೋಮವಾರ ಅಕ್ಕಿಕಾಳು ಬಿದ್ದವು. ಬುಧವಾರ ಮುಂಜಾನೆಯ ಬಸ್ಸಿಗೆ ಬನಶಂಕರಿ ಗಂಡನ ಜೊತೆ ಬಾದಾಮಿಗೆ ಹೊರಟಳು, ತೊಡೆಯ ಮೇಲೆ ಬೆಕ್ಕು.